ಹಣೆ ನೋಡಿ ಎತ್ತಿದ ಬಿದಿರು

ಶಿರಸಿಯ ಲಾರಿ ಸ್ಟ್ಯಾಂಡಿನಲ್ಲಿ ಅಂದಾನಪ್ಪನನ್ನು ಗಾಡಿಯ ನಂಬರಿನಿಂದ ಗುರುತಿಸುವವರಿಗಿಂತ ಹಣೆಯಿಂದ ಗುರುತಿಸುವವರೇ ಜಾಸ್ತಿ. ಬೆಳಿಗ್ಗೆ ಸ್ನಾನ, ಲಿಂಗಪೂಜೆ ಮುಗಿಸಿ ಅವನು ಎಳೆಯುತ್ತಿದ್ದ ಮೂರು ಬೆರಳಿನ ವಿಭೂತಿ ಈ ಕಿವಿಯ ಬುಡದಿಂದ ಆ ಕಿವಿಯ ಬುಡಕ್ಕೆ ಮುಟ್ಟುತ್ತಿತ್ತು. ಸಂಜೆ ಗಾಡಿ ನಿಲ್ಲಿಸುವ ತನಕ ಒಂದು ಗೆರೆಯೂ ಮಾಸುತ್ತಿರಲಿಲ್ಲ. "ಅಂದಾನಪ್ಪಾರು ವಿಭೂತಿಗೆ ಗೋಂದು ಕಲಸ್ತಾರೇನ್ರೀ?" ಎಂದು ಉಳಿದ ಡ್ರೈವರುಗಳು ಕೀಟಲೆ ಮಾಡುತ್ತಿದ್ದರು. ಅವನಿಗೆ ಒಳಗೊಳಗೇ ಖುಷಿ. ಹಣೆಯ ಮೇಲೆ ಅವನಿಗೆ ಅಷ್ಟು ಅಭಿಮಾನವಿತ್ತು. ಆ ಹಣೆಯೇ ಮುಂದೆ ಅವನ ಮಾನ ತೆಗೆಯಿತು, ಅದನ್ನೇ ಈಗ ಹೇಳಬೇಕಾಗಿದೆ.

ಅವನ ಮೂಲ ಬನವಾಸಿ ಕಡೆಯ ಹಳ್ಳಿ. ಗದ್ದೆಯನ್ನು ತಮ್ಮನಿಗೆ ಬಿಟ್ಟು, ಹಳೆಯದೊಂದು 407 ಗಾಡಿ ಕೊಂಡು, ಅವ್ವ ಶಾರದವ್ವನನ್ನೂ ಹೆಂಡತಿ ಗೀತಾಳನ್ನೂ ಕರೆದುಕೊಂಡು ಶಿರಸಿಗೆ ಬಂದು ಬಾಡಿಗೆ ಮನೆ ಹಿಡಿದಿದ್ದ. ವಾರಕ್ಕೆ ಮೂರು ಸಲ ಬನವಾಸಿ ಕಡೆಯ ಮಿಲ್ಲುಗಳಿಂದ ಅಕ್ಕಿ, ತೌಡು ಹೇರಿಕೊಂಡು ಘಟ್ಟ ಇಳಿದು ಕೊಪ್ಪಲಕೇರಿಗೆ ಹೋಗುತ್ತಿದ್ದ. ಕೊಪ್ಪಲಕೇರಿ ಎಂದರೆ ಅಘನಾಶಿನಿ ಹೊಳೆ ಕಡಲು ಸೇರುವ ಅಳಿವೆಯ ದಂಡೆಯ ಮೀನುಗಾರರ ಊರು. ಆ ಹೊಳೆ ಹುಟ್ಟುವುದು ಶಿರಸಿಯ ಶಂಕರಹೊಂಡದಲ್ಲಿ ಎಂದು ಹಿರಿಯರು ಹೇಳುತ್ತಾರೆ. "ನಮ್ಮೂರ ನೀರು ನಿಮಗ, ನಿಮ್ಮೂರ ತೆಂಗಿನಕಾಯಿ ನಮಗ" ಎಂದು ಅಂದಾನಪ್ಪ ಅಲ್ಲಿ ನಗೆಯಾಡುತ್ತಿದ್ದ. ವಾಪಸು ಬರುವಾಗ ತೆಂಗಿನಕಾಯಿ ಲೋಡು. ಮೀನು ಮಾತ್ರ ಹೇರುತ್ತಿರಲಿಲ್ಲ. ಗಾಡಿ ಊರು ಹೊಕ್ಕ ಕೂಡಲೇ ಟವೆಲ್ಲು ಮೂಗಿಗೆ ಏರುತ್ತಿತ್ತು. ಕೇರಿಯ ಹೆಂಗಸರು ಮುಸಿಮುಸಿ ನಗುತ್ತಿದ್ದರು.

ಆ ಹೆಂಗಸರಲ್ಲಿ ಒಬ್ಬಳಿಗೆ ಮಾತ್ರ ಅವನ ಗಾಡಿಯಲ್ಲಿ ಬುಟ್ಟಿ ಸಮೇತ ಜಾಗವಿತ್ತು. ಅವಳು ಬೀರಮ್ಮ. ಶಿರಸಿಯ ಮೀನು ಪೇಟೆಯಲ್ಲಿ ಕೂತು ಮಾರುವವಳು. ಒಂದು ದಿನ ಬಸ್ಸಿನ ಕಂಡಕ್ಟರ್ ಅವಳ ಬುಟ್ಟಿಯನ್ನು ನಡುದಾರಿಯಲ್ಲಿ ಇಳಿಸಿ ಹೋಗಿದ್ದ. ಘಟ್ಟದ ಬುಡದಲ್ಲಿ ಕೂತು ಕಂಡಕ್ಟರನ ಏಳು ತಲೆಮಾರಿಗೂ ಶಾಪ ಹಾಕುತ್ತಿದ್ದ ಅವಳನ್ನು ಕಂಡು ಅಂದಾನಪ್ಪ ಗಾಡಿ ನಿಲ್ಲಿಸಿದ. "ಹಿಂದ ಹತ್ತವಾ. ಬುಟ್ಟಿ ಮ್ಯಾಲ ಬಾಳಿ ಎಲಿ ಮುಚ್ಚು, ಅಷ್ಟ" ಎಂದ. ಅವತ್ತಿನಿಂದ ಅವಳು ಅವನಿಗೆ ತಂಗಿ, ಅವನು ಅವಳಿಗೆ ಅಣ್ಣ.

ಅಣ್ಣ ಎಂದದ್ದು ಬರೀ ಬಾಯಿಮಾತಲ್ಲ. ತೊಂಬತ್ನಾಲ್ಕರ ಮಳೆಯಲ್ಲಿ ಘಟ್ಟ ಕುಸಿದು ಅಂದಾನಪ್ಪ ಎರಡು ದಿನ ಕೊಪ್ಪಲಕೇರಿಯಲ್ಲಿ ಸಿಕ್ಕಿಬಿದ್ದ. ಬೀರಮ್ಮ ಅಂಗಡಿಯಿಂದ ಹೊಸ ಮಡಕೆ ತಂದಳು, ತನ್ನ ಅಡುಗೆಮನೆಯಿಂದ ದೂರ ತೆಂಗಿನ ಮರದಡಿ ಮೂರು ಕಲ್ಲು ಹೂಡಿದಳು, ಮೇಲೆ ತಾಡಪಾಲು ಕಟ್ಟಿಸಿದಳು. "ಅಣ್ಣಾ, ನಮ್ಮನೆ ಒಲೆಲಿ ಮೀನು ಬೆಂದದೆ. ಅದು ನಿಮ್ಗೆ ಬೇಡ. ಇಲ್ಲಿ ನೀವೇ ಅನ್ನ ಮಾಡ್ಕಣಿ. ನಿಮ್ಮ ನೇಮ ನಮ್ಮೂರಲ್ಲಿ ಕೆಟ್ತು ಅಂತ ಆಗ್ಬಾರ್ದು" ಎಂದಳು. ಆ ಮಳೆಯಲ್ಲಿ ಅವಳ ತಮ್ಮ ಚೌಡ ಒಣ ಸೌದೆ ಹುಡುಕಿ ತಂದು ಕೊಟ್ಟ. ಅಂದಾನಪ್ಪ ಶಿರಸಿಗೆ ಬಂದು ಇದನ್ನು ಹೇಳಿದಾಗ ಶಾರದವ್ವ ಕಣ್ಣು ಒರೆಸಿಕೊಂಡಳು. "ಮೀನ ಮಾರಾಕಿ ಆದ್ರೇನು, ಶರಣಿ ಆಕಿ" ಎಂದಳು.

ತೊಂಬತ್ತೇಳನೆಯ ಇಸವಿ, ಮಳೆ ಹತ್ತುವ ಮುಂಚೆ, ಬೀರಮ್ಮ ಪೇಟೆಯ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ ಅಂದಾನಪ್ಪನ ಮನೆ ಹುಡುಕಿಕೊಂಡು ಬಂದಳು. ಎಷ್ಟು ಕರೆದರೂ ಹೊಸ್ತಿಲು ದಾಟಲಿಲ್ಲ, ಮೈಯೆಲ್ಲ ಮೀನಿನ ನಾತ ಎಂದು ಜಗಲಿಯಲ್ಲೇ ಕೂತಳು.

"ಅಣ್ಣಾ, ಅಳಿವೇಲಿ ಮೀನು ಕಮ್ಮಿ ಆಗ್ತಾ ಬಂತು. ಮೂರು ವರ್ಷದಿಂದ ಸಿಗಡಿ ಇಲ್ಲ, ಕಾಣೆ ಮೀನಿಲ್ಲ, ಏಡಿ ಹೆಸರಿಗೆ ಅದೆ. ಯಾಕೆ ಹೇಳಿ? ಮಳೆಗಾಲ್ದಲ್ಲಿ ಕಡಲ ಮೀನಿನ ಮರಿ ಎಲ್ಲ ಅಳಿವೆಗೆ ಬಂದು ಬೆಳಿತವೆ. ಅದು ಅವಕ್ಕೆ ಬಾಣಂತಿ ಕೋಣೆ ಇದ್ದಾಂಗೆ. ಈಗ ಆ ರಾಮ ಇದ್ನಲ್ಲ, ಹಿನ್ನೀರಲ್ಲಿ ಸೊಳ್ಳೆ ಪರದೆ ಬಲೆ ಕಟ್ಟಿಸ್ತಾನೆ. ಉಗುರಷ್ಟು ಮರಿನೂ ಬಿಡೂದಿಲ್ಲ. ಭಟ್ಟಿ ಮೇಲೆ ಒಣಗ್ಸಿ ಚೀಲ ತುಂಬಿ ಕೋಳಿ ಮೇವಿಗೆ ಕಳಸ್ತಾನೆ."

ಒಣಮೀನು ವ್ಯಾಪಾರಿ ರಾಮನ ಶೆಡ್ಡು ಇದ್ದದ್ದು ಪಕ್ಕದ ಊರಿನ ಗಡಿಯಲ್ಲಿ. ಅವನ ಮೇಲೆ ಕೊಪ್ಪಲಕೇರಿಯವರ ಮಾತು ನಡೆಯುತ್ತಿರಲಿಲ್ಲ. ಮಳೆಗಾಲದ ಹಿನ್ನೀರನ್ನು ಹಗಲಿರುಳು ಕಾಯುವುದೂ ಆಗದ ಮಾತು. ಆದರೆ ಅವನ ಶೆಡ್ಡಿನಿಂದ ಹೊರಗೆ ಹೋಗುವ ದಾರಿ ಒಂದೇ, ಅದು ಕೊಪ್ಪಲಕೇರಿಯ ನಡುವೆ ಹಾದು ಹೋಗುತ್ತಿತ್ತು. ಸಾಗಿಸುವವರಿಲ್ಲದಿದ್ದರೆ ಬಲೆ ಕಟ್ಟಿ ಏನು ಮಾಡುತ್ತಾನೆ? ಅದಕ್ಕೇ ಊರವರು ಒಂದು ಕಟ್ಟು ಮಾಡಿದ್ದರು. ಮಳೆ ಹತ್ತಿದಂದಿನಿಂದ ನೂಲು ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುವ ತನಕ ಅಳಿವೆಯಲ್ಲಿ ಯಾರೂ ಬಲೆಯನ್ನೇ ಬಿಡಬಾರದು, ಉಳಿದ ದಿನಗಳಲ್ಲೂ ಬಲೆಯ ಕಣ್ಣಿನಲ್ಲಿ ಹೆಬ್ಬೆರಳು ಹೊಕ್ಕು ಬರಬೇಕು. ಮರಿಮೀನು ಊರಿನ ದಾರಿಯಲ್ಲಿ ಹಾಯಬಾರದು. ದಾರಿಗೆ ಅಡ್ಡ ಒಂದು ಬಿದಿರು, ಅದನ್ನು ಕಾಯಲು ಚೌಡ. ಊರಿಗೆ ಬರುವ ಗಾಡಿಯವರೆಲ್ಲ ಬಂದು ಆಣೆ ಮಾಡಬೇಕು.

"ಊಟದ ಅಕ್ಕಿಗೆ ನಾವು ಏನಾರೂ ಮಾಡ್ಕಂತೇವು. ಎರಡು ತಿಂಗಳು ಹೊಟ್ಟೆ ಕಟ್ಟೂಕೆ ತಯಾರದೇವೆ. ನೀವು ಒಂದು ಮಾತು ಕೊಟ್ರೆ ಸಾಕು" ಎಂದಳು ಬೀರಮ್ಮ.

"ಅಲ್ಲವಾ, ನಾ ಮೀನಾ ಹೇರತೇನಿ? ನಿನಗ ಹುಚ್ಚೇನ?" ಎಂದು ಅಂದಾನಪ್ಪ ನಕ್ಕುಬಿಟ್ಟ.

ಕೊಪ್ಪಲಕೇರಿಯ ಅರಳಿಕಟ್ಟೆಯ ಮುಂದೆ ಗಾಡಿಯವರು ಒಬ್ಬೊಬ್ಬರಾಗಿ ಆಣೆ ಮಾಡಿದರು. ಉಳಿದವರು ಊರ ದೇವರ ಮೇಲೆ ಮಾಡಿದರೆ ಅಂದಾನಪ್ಪ ಅಂಗಿಯ ಗುಂಡಿ ಬಿಚ್ಚಿ, ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದು, "ನನ್ನ ಗಾಡಿಗೆ ಮರಿಮೀನು ಏರೂದಿಲ್ಲ" ಎಂದ. ಊರ ಯಜಮಾನ ಮಂಜಪ್ಪ ಎದ್ದು ನಿಂತು ಕೈಮುಗಿದ. "ಇವ್ರದ್ದು ಆಣೆ ಬೇಕೇ ಇರ್ಲಿಲ್ಲ ನೋಡಿ" ಎಂದ. ಚೌಡ ಬಿದಿರಿನ ಹತ್ತಿರ ನಿಂತು ಹಲ್ಲು ಕಿರಿಯುತ್ತಿದ್ದ.

ಮಾತು ಕೊಟ್ಟು ತಿಂಗಳಾಗಿರಲಿಲ್ಲ.

ಲಾರಿಯವರಲ್ಲಿ ಒಂದು ರೂಢಿಯಿದೆ, ಖಾಲಿ ಗಾಡಿ ಘಟ್ಟ ಹತ್ತಿಸಬಾರದು. ಹತ್ತಿಸಿದವನನ್ನು ಸ್ಟ್ಯಾಂಡಿನಲ್ಲಿ ಆಡಿಕೊಳ್ಳುತ್ತಾರೆ. ಗಾಳಿ ಹೇರಿಕೊಂಡು ಬಂದನಂತೆ, ಮಂಜು ಮಾರುತ್ತಾನಂತೆ ಎನ್ನುತ್ತಾರೆ. ಮಳೆಗಾಲದಲ್ಲಿ ತೆಂಗಿನಕಾಯಿ ಅರ್ಧ ಗಾಡಿಗೂ ಆಗುತ್ತಿರಲಿಲ್ಲ. ಅಂಥ ಒಂದು ದಿನ ರಾಮ ಛತ್ರಿ ಹಿಡಿದುಕೊಂಡು ಬಂದು ಕ್ಯಾಬಿನ್ನಿನ ಬಾಗಿಲಿಗೆ ಆತುಕೊಂಡ. ಕೆಂಪು ಮುಖದ, ಸಿಹಿ ಬಾಯಿಯ ಮನುಷ್ಯ. ಚೀಲಗಳ ಬಾಯಿ ಹೊಲಿದಿದೆ, ಕೋಳಿ ಮೇವು ಎಂದುಕೊಳ್ಳಿ, ನೀವು ಮುಟ್ಟಬೇಕಾಗಿಲ್ಲ, ನೋಡಬೇಕಾಗಿಲ್ಲ, ನಮ್ಮವರೇ ಏರಿಸುತ್ತಾರೆ, ಹಾವೇರಿ ಕಡೆಯವರೇ ಇಳಿಸಿಕೊಳ್ಳುತ್ತಾರೆ ಎಂದ.

ಅಂದಾನಪ್ಪ ಇಲ್ಲ ಎನ್ನಬೇಕಾಗಿತ್ತು. ಎನ್ನಲಿಲ್ಲ. ಅವನಿಗೆ ಉಪವಾಸವಿರಲಿಲ್ಲ, ಕಷ್ಟವಿರಲಿಲ್ಲ, ಮಣ್ಣೂ ಇರಲಿಲ್ಲ. ಖಾಲಿ ಹೋಗುವುದರ ಬದಲು ತುಂಬಿಕೊಂಡು ಹೋಗುವುದು ಎಂಬ ಆಸೆ, ಅಷ್ಟೇ. ಮೂಗಿಗೆ ಟವೆಲ್ಲು ಕಟ್ಟಿಕೊಂಡು ಬೇರೆ ಕಡೆ ನೋಡುತ್ತ ಕೂತ. ಹುಟ್ಟಿದಾಗಿನಿಂದ ಮೀನಿನಿಂದ ಮುಖ ತಿರುಗಿಸಿ ಅಭ್ಯಾಸವಾದ ಮನುಷ್ಯ, ಅವತ್ತೂ ತಿರುಗಿಸಿದ. ನೇಮದ ಹೆಸರಿನಲ್ಲಿ ನೋಡದೆ ಇದ್ದದ್ದು ಈಗ ಕಳ್ಳತನಕ್ಕೆ ಒದಗಿತು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೆ ಜಗತ್ತಿಗೆ ಕತ್ತಲಾಗುತ್ತದೆಯೇ?

ಚೀಲದ ಮೇಲೆ ತೆಂಗಿನಕಾಯಿ ಹರಡಿ, ಮೇಲೆ ತಾಡಪಾಲು ಬಿಗಿದು ಗಾಡಿ ಹೊರಟಿತು. ಬಿದಿರಿನ ಹತ್ತಿರ ಬಂದಾಗ ಅವನು ಗೇರು ಇಳಿಸಿದ. ಚೌಡ ಮಳೆಗೆ ಓಲೆಯ ಗೊರಬು ಹೊದ್ದುಕೊಂಡು ಓಡಿ ಬಂದ. ಮುಂದಿನ ಟೆಂಪೋವನ್ನು ನಿಲ್ಲಿಸಿ, ಒಂದೊಂದು ಚೀಲಕ್ಕೂ ಕಬ್ಬಿಣದ ಕಡ್ಡಿ ಚುಚ್ಚಿ ಮೂಸಿ ನೋಡಿದ್ದ. ಅಂದಾನಪ್ಪನ ಗಾಡಿ ಕಂಡದ್ದೇ ಕ್ಯಾಬಿನ್ನಿನ ಕಡೆ ಕಣ್ಣೆತ್ತಿ, ಹಣೆ ನೋಡಿ, ನಕ್ಕು, ಬಿದಿರು ಎತ್ತಿದ.

"ಹೋಗಿ ಬನ್ನಿ ಅಣ್ಣಾ. ಮೆಲ್ಲಗೆ, ಘಟ್ಟದಲ್ಲಿ ಮಣ್ಣು ಜಾರ್ತದೆ."

ಎರಡು ಮಳೆಗಾಲ ಹೀಗೆಯೇ ಆಯಿತು. ಪ್ರತಿ ಸಲ ಬಿದಿರು ಹತ್ತಿರ ಬರುವ ಮೊದಲು ಅಂದಾನಪ್ಪ ಕನ್ನಡಿಯಲ್ಲಿ ಹಣೆ ನೋಡಿಕೊಳ್ಳುವ ಚಾಳಿ ಕಲಿತ. ಒಮ್ಮೆಯಂತೂ ಮಳೆ ನೀರಿಗೆ ಗೆರೆ ಅಳಿಸಿದೆಯೆಂದು ಗಾಡಿ ನಿಲ್ಲಿಸಿ ಡಬ್ಬಿಯಿಂದ ವಿಭೂತಿ ತೆಗೆದು ಬಳಿದುಕೊಂಡ. ಥೂ ಎಂದು ಅವನಿಗೇ ಅನ್ನಿಸಿತು. ಅನ್ನಿಸಿದರೂ ಬಳಿದುಕೊಂಡ.

ಮೊದಲ ಮಳೆಗಾಲದಲ್ಲೇ ಮನೆಯಲ್ಲಿ ಶಾರದವ್ವ ಮೂಗು ಅರಳಿಸಿದಳು. "ಏನ ನಾತಲೇ ಇದು, ಗಾಡಿ ತುಂಬ?" ಎಂದು ಕೇಳಿದಳು. ಅಂದಾನಪ್ಪ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ. "ಬೀರಮ್ಮನ ಬುಟ್ಟೀದು ಯವ್ವಾ." ಆ ಎರಡು ತಿಂಗಳು ಬೀರಮ್ಮನಿಗೆ ಬುಟ್ಟಿಯೂ ಇರಲಿಲ್ಲ, ಶಿರಸಿಯೂ ಇರಲಿಲ್ಲ. ಅದು ಶಾರದವ್ವನಿಗೆ ಹೇಗೆ ಗೊತ್ತಾಗಬೇಕು? ಹುಣ್ಣಿಮೆ ಕಳೆದು ಬೀರಮ್ಮ ಪೇಟೆಗೆ ಬಂದಾಗ ಶಾರದವ್ವ ತರಕಾರಿಗೆ ಹೋದವಳು ಸಹಜವಾಗಿ ಆ ಮಾತು ತೆಗೆದಳು. ಮರುವಾರ ಬೀರಮ್ಮ ಬೂದಿ, ಹುಣಸೆಹಣ್ಣು, ತೆಂಗಿನ ನಾರು ಕಟ್ಟಿಕೊಂಡು ಬಂದು, ಗಾಡಿಯ ಹಿಂಭಾಗಕ್ಕೆ ಹತ್ತಿ ಹಲಗೆಗಳನ್ನು ತಿಕ್ಕಿ ತಿಕ್ಕಿ ತೊಳೆದಳು. "ತಪ್ಪಾಯ್ತು ಅಣ್ಣಾ. ನಿಮ್ಮ ಗಾಡಿ ನಾನೇ ಮೈಲಿಗೆ ಮಾಡ್ದೆ" ಎಂದಳು. ಅಂದಾನಪ್ಪ ಟಯರಿನ ಗಾಳಿ ನೋಡುವ ನೆವದಲ್ಲಿ ಗಾಡಿಯ ಆ ಬದಿಗೆ ಹೋಗಿ ನಿಂತ. ಅವಳು ತೊಳೆದು ಮುಗಿಸುವ ತನಕ ಈ ಬದಿಗೆ ಬರಲಿಲ್ಲ.

ತೊಂಬತ್ತೆಂಟರ ಶ್ರಾವಣದಲ್ಲಿ, ಹುಣ್ಣಿಮೆಗೆ ಎಂಟು ದಿನ ಇರುವಾಗ, ಒಂದು ಚೀಲದ ಹೊಲಿಗೆ ಬಿಟ್ಟಿತು. ಅಂದಾನಪ್ಪನಿಗೆ ಗೊತ್ತಾಗಲಿಲ್ಲ. ಬಿದಿರು ದಾಟಿ, ತಿರುವು ದಾಟಿ, ಮೇಲಿನ ರಸ್ತೆ ಸೇರುವ ತನಕ ದಾರಿಯುದ್ದಕ್ಕೂ ಒಣಗಿದ ಮರಿಮೀನು ಚೆಲ್ಲಿತ್ತು. ಊರವರು ಬಂದು ಬಗ್ಗಿ ಆರಿಸಿ ನೋಡಿದರು. ಅಂಗೈಯಲ್ಲಿ ಹಿಡಿದರೆ ನೂರು ಜೀವ. ಮುದುಕಿಯರು ದಾರಿಯಲ್ಲೇ ಕೂತು ಅತ್ತರು. ಎರಡು ತಿಂಗಳು ಗೆಣಸು, ಗಂಜಿ ತಿಂದು ಬಲೆ ಮಡಿಸಿಟ್ಟವರು ಅವರು.

ಮಾಲು ಬಿದಿರು ದಾಟಿ ಹೋಗಿದೆ. ಬಿದಿರು ಕಾಯುವವನು ಚೌಡ. ಮತ್ತೇನು ಬೇಕು? ಗಂಡಸರು ಅವನ ಕೊರಳಪಟ್ಟಿ ಹಿಡಿದು ಅರಳಿಕಟ್ಟೆಗೆ ಎಳೆದು ತಂದರು. ರಾಮನಿಂದ ತಿಂದಿದ್ದಾನೆ, ತಲೆಹೊರೆಯಲ್ಲಿ ದಾಟಿಸಿದ್ದಾನೆ ಎಂದರು. ಯಾವ ಗಾಡಿ ಎಂದು ಯಾರೂ ಕೇಳಲಿಲ್ಲ. ಉಳಿದ ಗಾಡಿಗಳನ್ನು ಚೌಡ ಚುಚ್ಚಿ ನೋಡಿದ್ದನ್ನು ಎಲ್ಲರೂ ಕಂಡಿದ್ದರು. ಇನ್ನೊಂದು ಗಾಡಿಯ ಹೆಸರು ಯಾರ ತಲೆಗೂ ಹೊಳೆಯಲಿಲ್ಲ, ಚೌಡನ ತಲೆಗೂ ಹೊಳೆಯಲಿಲ್ಲ.

ಬೀರಮ್ಮ ಬರಿಗೈಯಲ್ಲಿ ಬಸ್ಸು ಹತ್ತಿ ಶಿರಸಿಗೆ ಓಡಿ ಬಂದಳು. ಈ ಸಲ ಹೊಸ್ತಿಲು ದಾಟಿ ಒಳಗೇ ಬಂದು ಅಂದಾನಪ್ಪನ ಕಾಲು ಹಿಡಿದಳು.

"ಅಣ್ಣಾ, ನೀವು ದಿನಾ ಹಾಯ್ತೀರಿ. ಚೌಡ ಎಂಥವ ಅಂತ ನೋಡಿದ್ರಿ. ನೀವು ಬಂದು ಒಂದು ಮಾತು ಹೇಳಿ. ನಮ್ಮೂರವ್ರು ಬೇರೆ ಯಾರ್ದೂ ಕೇಳೂದಿಲ್ಲ, ನಿಮ್ದು ಕೇಳ್ತಾರೆ. ಇಲ್ದಿದ್ರೆ ಅವ್ನ ಬಲೆ ಕಿತ್ಕಂತಾರೆ. ನೀರಿಗಿಳಿಯೂಕೆ ಬಿಡೂದಿಲ್ಲ. ನೀರಿಲ್ದೆ ಅವ್ನು ಎಂತ ಮಾಡ್ತಾನೆ?"

ಅಂದಾನಪ್ಪ ಹೋದ. ಹೋಗುವಾಗ ಎಲ್ಲ ಹೇಳಿಬಿಡಬೇಕು ಎಂದೇ ಹೋದ. ಘಟ್ಟದ ಒಂದೊಂದು ತಿರುವಿನಲ್ಲೂ ಮಾತು ಜೋಡಿಸಿಕೊಂಡ. ಆದರೆ ಗಾಡಿಯಿಂದ ಇಳಿದಾಗ ಮಂಜಪ್ಪ ಎದ್ದು ಕುರ್ಚಿ ಕೊಟ್ಟ. ಗಂಡಸರು ದಾರಿ ಬಿಟ್ಟರು. ಚೌಡ ತಲೆಯೆತ್ತಿ, ಅಬ್ಬಾ, ಬಂದಿರಲ್ಲ ಎನ್ನುವ ಹಾಗೆ ನೋಡಿದ. ಅಂದಾನಪ್ಪ ಕೊಟ್ಟ ಕುರ್ಚಿಯಲ್ಲಿ ಕೂತ.

"ಏನಾದ್ರೂ ನೋಡಿದ್ರಾ ನೀವು?" ಎಂದು ಮಂಜಪ್ಪ ಕೇಳಿದ.

"ನಾ ಏನೂ ನೋಡಿಲ್ರೀ" ಎಂದ ಅಂದಾನಪ್ಪ.

ಹಾಗೆ ನೋಡಿದರೆ ಸುಳ್ಳಲ್ಲ. ಅವನು ನಿಜವಾಗಿಯೂ ಒಂದು ಚೀಲದೊಳಗೂ ನೋಡಿರಲಿಲ್ಲ. ಆದರೆ ಕಟ್ಟೆಯ ಮೇಲಿದ್ದವರಿಗೆ ಅದು ಬೇರೆ ಥರ ಕೇಳಿಸಿತು. ಚೌಡ ಒಳ್ಳೆಯವನೆಂದು ಹೇಳಲೂ ಮನಸ್ಸಿಲ್ಲ, ಕಳ್ಳನೆಂದು ಹೇಳಲೂ ಬಾಯಿಲ್ಲ, ಪಾಪ, ದೊಡ್ಡವರು, ಮುಚ್ಚಿಡುತ್ತಿದ್ದಾರೆ ಎಂದುಕೊಂಡರು. ಅವತ್ತೇ ತೀರ್ಪಾಯಿತು. ಚೌಡ ಇನ್ನು ಅಳಿವೆಯ ನೀರಿಗೆ ಬಲೆ ಬಿಡುವಂತಿಲ್ಲ. ಅವನ ಬಲೆಯನ್ನು ಊರವರ ಎದುರಿಗೇ ಕತ್ತಿಯಿಂದ ಕೊಯ್ದರು. ಮೂರನೆಯ ದಿನ ಅವನು ಗೋವೆಯ ಬೋಟಿಗೆ ಕೂಲಿಗೆಂದು ಹೊರಟುಹೋದ. ಹೊರಡುವಾಗ ಅಂದಾನಪ್ಪನ ಗಾಡಿಯೇ ಎದುರಾಯಿತು. ಚೌಡ ಪಕ್ಕಕ್ಕೆ ಸರಿದು, ರೂಢಿಯಂತೆ ಕೈ ಎತ್ತಿದ. ಅಂದಾನಪ್ಪ ಬ್ರೇಕು ಒತ್ತಲಿಲ್ಲ.

ಅಲ್ಲಿಂದ ಮುಂದೆ ಅವನು ರಾಮನ ಒಂದು ಚೀಲವನ್ನೂ ಹೇರಲಿಲ್ಲ. ತೊಂಬತ್ತೊಂಬತ್ತರ ಮಳೆಗಾಲವಿಡೀ ಖಾಲಿ ಗಾಡಿಯನ್ನೇ ಘಟ್ಟ ಹತ್ತಿಸಿದ. ಸ್ಟ್ಯಾಂಡಿನವರು ನಕ್ಕರೆ ನಗಲಿ ಎಂದ. ಸಾಗಿಸುವವರು ಸಿಗದೆ ರಾಮ ಶೆಡ್ಡಿಗೆ ಬೀಗ ಹಾಕಿದ. ಹಿನ್ನೀರಿನ ಸೊಳ್ಳೆ ಪರದೆ ಬಲೆ ಕಾಣೆಯಾಯಿತು. ಹುಣ್ಣಿಮೆ ಕಳೆದು ಊರವರು ನೀರಿಗಿಳಿದರೆ, ಅದೇನು ಸಿಗಡಿ, ಅದೇನು ಏಡಿ! ಎಷ್ಟೋ ವರ್ಷಗಳಿಂದ ಮರೆತೇಹೋಗಿದ್ದ ಜಾತಿಯ ಮೀನುಗಳೂ ಬಲೆಗೆ ಬಂದವು. ಅಂದಾನಪ್ಪನ ಎದೆ ಒಂದು ಗಳಿಗೆ ಹಗುರಾಯಿತು. ಮಾಡಿದ್ದಕ್ಕೆ ಇದೇ ಪ್ರಾಯಶ್ಚಿತ್ತ, ಇಷ್ಟಕ್ಕೇ ಮುಗಿಯಲಿ ಎಂದುಕೊಂಡ.

ಅಷ್ಟರಲ್ಲಿ ಮಂಜಪ್ಪನ ಮಾತು ಕಿವಿಗೆ ಬಿತ್ತು. "ನೋಡಿದ್ರಾ? ಚೌಡ ಹೋದ, ಕಳ್ಳತನ ನಿಂತ್ತು. ಇನ್ನೆಂತ ಸಾಕ್ಷಿ ಬೇಕು?"

ಅಂದಾನಪ್ಪ ಕೈಯಲ್ಲಿದ್ದ ಚಹದ ಲೋಟವನ್ನು ಕೆಳಗಿಟ್ಟ. ತಾನು ತಪ್ಪು ಬಿಟ್ಟದ್ದೇ ಚೌಡನ ತಪ್ಪಿಗೆ ಮುದ್ರೆಯಾಗಿತ್ತು. ಹೇರಿದಾಗಲೂ ಅವನನ್ನು ಕೊಂದ, ಬಿಟ್ಟಾಗಲೂ ಕೊಂದ. ಬಾಯಿ ತೆರೆಯದ ಹೊರತು ಈ ಗಂಟು ಬಿಚ್ಚುವುದಿಲ್ಲ ಎಂದು ಅವನಿಗೆ ಅವತ್ತೇ ಗೊತ್ತಾಯಿತು. ಗೊತ್ತಾಗಿಯೂ ಒಂದು ವರ್ಷ ಸುಮ್ಮನಿದ್ದ. ಶಿರಸಿಯ ಪೇಟೆಯಲ್ಲಿ ಬೀರಮ್ಮ ಎದುರಾದರೆ ಬೇರೆ ಗಲ್ಲಿ ಹಿಡಿಯುತ್ತಿದ್ದ. ಗಾಡಿಯಲ್ಲಿ ತಪ್ಪಿಸಿಕೊಳ್ಳುವಂತಿರಲಿಲ್ಲ, ಬುಟ್ಟಿಯನ್ನು ಹಿಂದೆ ಏರಿಸಿ ಅವಳು ಕ್ಯಾಬಿನ್ನಿನಲ್ಲಿ ಕೂರುತ್ತಿದ್ದಳು, ಮೊದಲಿನ ಮಾತಿರಲಿಲ್ಲ. ಒಮ್ಮೆ ಮಾತ್ರ, "ಗೋವೆಲಿ ಚೌಡಂಗೆ ಬೆರಳು ತುಂಡಾಯ್ತು ಅಣ್ಣಾ, ಬೋಟಿನ ಹಗ್ಗದಲ್ಲಿ ಸಿಕ್ಕಿ" ಎಂದಳು. ಅಂದಾನಪ್ಪ ಹಾರ್ನ್ ಬಾರಿಸಿದ, ಎದುರಿಗೆ ಯಾವ ಗಾಡಿಯೂ ಇರಲಿಲ್ಲ.

ಎರಡು ಸಾವಿರದ ಇಸವಿಯ ನೂಲು ಹುಣ್ಣಿಮೆಗೆ ಕೊಪ್ಪಲಕೇರಿಯವರು ಅವನನ್ನು ಕರೆದರು. ಅಳಿವೆಯ ಕಟ್ಟು ಗೆದ್ದಿತು, ಆಣೆಗೆ ಬಾಗಿ ನಡೆದ ಗಾಡಿಯವರಿಗೆ ಮರ್ಯಾದೆ ಮಾಡಬೇಕು, ಅದರಲ್ಲೂ ಅಂದಾನಪ್ಪನವರ ಕೈಯಿಂದಲೇ ಮೊದಲ ತೆಂಗಿನಕಾಯಿ ಕಡಲಿಗೆ ಬೀಳಬೇಕು ಎಂದು ಮಂಜಪ್ಪ ಹೇಳಿ ಕಳಿಸಿದ. ಕಳ್ಳನ ಕೈಗೆ ಬೀಗದ ಕೈ ಅಂದರೆ ಇದೇ! ಅಂದಾನಪ್ಪ ಗಾಡಿ ಕೆಟ್ಟಿದೆ ಎಂದು ತಪ್ಪಿಸಿಕೊಳ್ಳಲು ನೋಡಿದ. ಶಾರದವ್ವ ಕೇಳಲಿಲ್ಲ. ಎಪ್ಪತ್ತು ವರ್ಷದ ಆ ಮುದುಕಿ ಹುಟ್ಟಿದ ಮೇಲೆ ಕಡಲು ನೋಡಿರಲಿಲ್ಲ. "ನನ್ನ ಮಗಗ ಮೀನಗಾರ್ರು ಶಾಲು ಹೊಚ್ಚತಾರಂತ. ನಾ ನೋಡಬೇಕಲೇ" ಎಂದು ಇಳಕಲ್ ಸೀರೆ ಉಟ್ಟು ಕ್ಯಾಬಿನ್ನಿನಲ್ಲಿ ಬಂದು ಕೂತಳು.

ದಂಡೆಯಲ್ಲಿ ಊರಿಗೆ ಊರೇ ನೆರೆದಿತ್ತು. ದೋಣಿಗಳಿಗೆ ಅರಿಶಿನ ಕುಂಕುಮ ಹಚ್ಚಿ ಹೂವು ಕಟ್ಟಿದ್ದರು. ಮಂಜಪ್ಪ ಶಾಲು ಹೊದಿಸಿ, ಕುಂಕುಮ ಹಚ್ಚಿದ ತೆಂಗಿನಕಾಯಿಯನ್ನು ಅಂದಾನಪ್ಪನ ಎರಡೂ ಕೈಗೆ ಇಟ್ಟ. "ಇಂಥವ್ರು ಇದ್ದಾರೆ ಅಂತ ಮೀನು ಉಳಿದ್ವು" ಎಂದ. ಹೆಂಗಸರ ಸಾಲಿನ ಕೊನೆಯಲ್ಲಿ ಬೀರಮ್ಮ ನಿಂತಿದ್ದಳು. ಶಾರದವ್ವ ಅವಳ ಕೈ ಹಿಡಿದುಕೊಂಡಿದ್ದಳು.

ಅಂದಾನಪ್ಪನ ಕಾಲು ನೀರಿನ ಅಂಚಿಗೆ ಬಂತು. ಕೈ ಮೇಲೇಳಲಿಲ್ಲ. ಕಾಯಿ ಬಂಡೆಯ ಭಾರವಾಯಿತು. ತಿರುಗಿ ನಿಂತು, "ಮರಿಮೀನ ಸಾಗಿಸಿದಾಂವ ನಾನ್ರೀ" ಎಂದ.

ಯಾರಿಗೂ ಅರ್ಥವಾಗಲಿಲ್ಲ. ಅವನು ಇನ್ನೊಮ್ಮೆ ಹೇಳಿದ, ಗಟ್ಟಿಯಾಗಿ ಹೇಳಿದ. ಎರಡು ಮಳೆಗಾಲ, ತೆಂಗಿನಕಾಯಿ ಕೆಳಗೆ, ತನ್ನ ಗಾಡಿಯಲ್ಲಿ. ಚೌಡನಿಗೆ ಏನೂ ಗೊತ್ತಿರಲಿಲ್ಲ. ಅವನು ತನ್ನ ಹಣೆ ನೋಡಿ ಬಿದಿರು ಎತ್ತಿದ.

ಮಂಜಪ್ಪನ ಕಣ್ಣಲ್ಲಿ ನೀರು ಬಂತು. "ಎಷ್ಟು ದೊಡ್ಡ ಮನಸ್ಸು ನೋಡಿ!" ಎಂದ ಸುತ್ತಲಿನವರಿಗೆ. "ಆ ಕಳ್ಳನ್ನ ಊರಿಗೆ ಸೇರ್ಸೂಕೆ ಅವ್ನ ತಪ್ಪು ತನ್ನ ತಲೆ ಮೇಲೆ ಹಾಕ್ಕಂತಾರೆ. ಬೇಡ ಒಡಿಯಾ, ನಿಮ್ಮ ಬಾಯಲ್ಲಿ ಅಂಥ ಮಾತು ಬೇಡ." ಯಾರೋ ಚಪ್ಪಾಳೆ ತಟ್ಟಿದರು. ಒಬ್ಬ ಮುದುಕಿ ಬಂದು ಅವನ ಕಾಲು ಮುಟ್ಟಿದಳು.

ಅಯ್ಯೋ ಶಿವನೇ! ಹೇಳಲು ಮೂರು ವರ್ಷ ಬೇಕಾಯಿತು, ಹೇಳಿದರೆ ನಂಬುವವರಿಲ್ಲ. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಅವನಿಗೆ. "ಖರೇನ್ರೀ, ಲಿಂಗದಾಣೆ" ಎನ್ನಲು ಕೈ ಕೊರಳಿಗೆ ಹೋಯಿತು. ಹೋದ ಕೈ ಅರ್ಧಕ್ಕೇ ನಿಂತಿತು. ಆ ಆಣೆಯನ್ನು ಅವನು ಆಗಲೇ ಒಮ್ಮೆ ತಿಂದಿದ್ದ.

ನಂಬಿದವಳು ಬೀರಮ್ಮ ಒಬ್ಬಳೇ. ಅವಳು ಶಾರದವ್ವನ ಕೈ ಬಿಡಿಸಿಕೊಂಡು, ಒಂದು ಮಾತಿಲ್ಲದೆ ಗಾಡಿಯ ಕಡೆ ನಡೆದಳು. ಸೀರೆ ಎತ್ತಿ ಕಟ್ಟಿ ಹಿಂಭಾಗ ಹತ್ತಿದಳು. ಮೂಲೆಯ ಎರಡು ಹಲಗೆಗಳ ಸಂದಿಗೆ ಮೀನು ಕೊಯ್ಯುವ ಕತ್ತಿ ತೂರಿಸಿ ಕೆರೆದಳು. ಕೆರೆದದ್ದನ್ನು ಅಂಗೈಯಲ್ಲಿ ತಂದು ಮಂಜಪ್ಪನ ಮೂಗಿನ ಕೆಳಗೆ ಹಿಡಿದಳು. ಕಪ್ಪಾಗಿ ಗಟ್ಟಿಯಾದ ಪುಟ್ಟ ಪುಟ್ಟ ತಲೆಗಳು, ಎಳ್ಳಿನಷ್ಟು ಕಣ್ಣುಗಳು.

"ಸಿಗಡಿ ಮರಿ. ಇದು ಕಾಣೆ. ಇದು ಏಡಿ ಕಾಲು" ಎಂದಳು. "ಗಾಡಿ ತೊಳೆವಾಗ ಅಲ್ಲಿ ಏನೋ ಕೈಗೆ ಚುಚ್ತು. ಮುಳ್ಳು ಅಂದ್ಕಂಡೆ."

ಆಮೇಲೆ ಅಂದಾನಪ್ಪನ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

"ನಾತ ಬರ್ತಿತ್ತು. ನನ್ನ ಬುಟ್ಟೀದೇ ಅಂದ್ಕಂಡೆ ಅಣ್ಣಾ. ನಾನೇ ತಿಕ್ಕಿ ತೊಳ್ದೆ."

ಈಗ ದಂಡೆಯಲ್ಲಿ ಯಾರೂ ಅವನ ಮುಖ ನೋಡಲಿಲ್ಲ. ಮಂಜಪ್ಪ ಅವನ ಕೈಯಿಂದ ತೆಂಗಿನಕಾಯಿಯನ್ನು ಮೆಲ್ಲಗೆ ತೆಗೆದುಕೊಂಡ. ಹೆಗಲ ಮೇಲಿನ ಶಾಲನ್ನು ಅಂದಾನಪ್ಪ ತಾನೇ ಮಡಿಸಿ ಮರಳಿನ ಮೇಲೆ ಇಟ್ಟ. ಬಗ್ಗಿ ಅಳಿವೆಯ ನೀರು ತುಂಬಿ ಹಣೆಗೆ ಕೈ ಒಯ್ದ, ಮೂರು ಗೆರೆ ಒರೆಸಿಬಿಡಲು. ಶಾರದವ್ವ ಬಂದು ಆ ಕೈ ಹಿಡಿದಳು.

"ಅಳಸ್ಕೋಬ್ಯಾಡ. ಅಳಸ್ಕೊಂಡ್ರ ಹಗುರಾಗತೈತಿ. ಹಚ್ಚಿಕೊಂಡ ತಿರುಗು. ಆ ಹುಡುಗನ್ನ ಕರಕೊಂಬಾ ಮೊದಲ. ಅಲ್ಲೀತನ ನನ್ನ ಯವ್ವಾ ಅನ್ನಬ್ಯಾಡ."

ಅಂದಾನಪ್ಪ ಗೋವೆಗೆ ಹೋದ. ಬೋಟು ನಿಲ್ಲುವ ಧಕ್ಕೆಯಿಂದ ಧಕ್ಕೆಗೆ ಮೂಗಿಗೆ ಟವೆಲ್ಲು ಕಟ್ಟದೆ ಅಲೆದ. ಮೀನಿನ ರಾಶಿಗಳ ನಡುವೆ ವಿಭೂತಿಯ ಮನುಷ್ಯನನ್ನು ಕಂಡು ಜನ ನಕ್ಕರು. ಐದನೆಯ ದಿನ ಚೌಡ ಸಿಕ್ಕ, ಎಡಗೈಯಲ್ಲಿ ಎರಡು ಬೆರಳಿಲ್ಲ. ಅಂದಾನಪ್ಪ ನಿಂತುಕೊಂಡೇ ಎಲ್ಲ ಹೇಳಿದ. ಚೌಡ ಬಹಳ ಹೊತ್ತು ಬಲೆಯ ಗಂಟು ಬಿಡಿಸುತ್ತಲೇ ಕೂತಿದ್ದ. ಕೊನೆಗೆ, "ಬಸ್ಸಿಗೆ ಬರ್ತೆ. ನಿಮ್ಮ ಗಾಡಿಗೆ ಬರೂದಿಲ್ಲ" ಎಂದ.

ಊರವರು ಚೌಡನಿಗೆ ನೀರು ವಾಪಸು ಕೊಟ್ಟರು. ಹೊಸ ಬಲೆ ಹೆಣೆದು ಕೊಟ್ಟರು. ಬಿದಿರು ಕಾಯುವ ಕೆಲಸವನ್ನೂ ಅವನೇ ಕೇಳಿ ತೆಗೆದುಕೊಂಡ. ಅಂದಾನಪ್ಪನಿಗೆ ಊರಿಗೆ ಬರಬೇಡ ಎಂದು ಯಾರೂ ಹೇಳಲಿಲ್ಲ, ಅಕ್ಕಿ ಬೇಕಿತ್ತಲ್ಲ. ಬೀರಮ್ಮ ಮಾತ್ರ ಮತ್ತೆ ಬಸ್ಸು ಹಿಡಿದಳು. ಕಂಡಕ್ಟರುಗಳ ಜೊತೆ ಜಗಳವಾಡುತ್ತ ಘಟ್ಟ ಹತ್ತುತ್ತಿದ್ದಳು. ಶಿರಸಿಯ ಪೇಟೆಯಲ್ಲಿ ಎದುರಾದರೆ ಅವಳು ಬೇರೆ ಗಲ್ಲಿ ಹಿಡಿಯುತ್ತಿರಲಿಲ್ಲ, ನೆಟ್ಟಗೆ ನೋಡುತ್ತಿದ್ದಳು. ಅಣ್ಣಾ ಎಂದು ಕರೆಯುತ್ತಿರಲಿಲ್ಲ.

ಮರುವರ್ಷ ಮಳೆ ಹತ್ತಿದ ಮೊದಲ ವಾರ ಅಂದಾನಪ್ಪನ ಗಾಡಿ ಬಿದಿರಿನ ಎದುರು ಬಂದು ನಿಂತಿತು. ಹಣೆಯಲ್ಲಿ ಈ ಕಿವಿಯಿಂದ ಆ ಕಿವಿಗೆ ವಿಭೂತಿ ಇತ್ತು. ಚೌಡ ಗೊರಬು ಹೊದ್ದು ಬಂದ. ಕ್ಯಾಬಿನ್ನಿನ ಕಡೆ ನೋಡಲಿಲ್ಲ. ಹಿಂದೆ ಹತ್ತಿ, ತಾಡಪಾಲು ಸರಿಸಿ, ಮೂರು ಬೆರಳಿನ ಕೈಯಿಂದ ಒಂದೊಂದು ತೆಂಗಿನಕಾಯಿಯನ್ನೂ ಎತ್ತಿ ಬದಿಗಿಟ್ಟು, ತಳದ ಹಲಗೆ ಕಾಣುವ ತನಕ ನೋಡಿದ. ಹಿಂದಿನ ಗಾಡಿಗಳು ಹಾರ್ನ್ ಹೊಡೆದವು. ಅಂದಾನಪ್ಪ ಇಳಿದು ಮಳೆಯಲ್ಲೇ ನಿಂತುಕೊಂಡ.

"ಚೊಲೋ ನೋಡಪಾ" ಎಂದ. "ಸಂದ್ಯಾಗೂ ನೋಡು."

ಚೌಡ ಸಂದಿಗಳಲ್ಲಿ ಕಡ್ಡಿ ಆಡಿಸಿ ನೋಡಿದ. ಆಮೇಲೆ ಬಿದಿರು ಎತ್ತಿದ. ಎರಡು ಸಾವಿರದ ಎಂಟರಲ್ಲಿ ಗಾಡಿ ಮಾರುವ ತನಕ, ಏಳು ಮಳೆಗಾಲ, ಒಂದು ಸಲವೂ ನೋಡದೆ ಎತ್ತಲಿಲ್ಲ. ಅಂದಾನಪ್ಪನೂ ಒಂದು ಸಲವೂ ಕ್ಯಾಬಿನ್ನಿನಲ್ಲಿ ಕೂತಿರಲಿಲ್ಲ.